ಡಬ್ಬಿಗೆ ಬೀಳದ ಖುಷಾಲಿ

ಇಲ್ಲಿ ಜನ ದುಡ್ಡು ಕೊಟ್ಟು ಮುಳುಗುತ್ತಾರೆ. ಬೆನ್ನಿಗೆ ಗಾಳಿಯ ಸಿಲಿಂಡರು ಬಿಗಿದು, ಸೊಂಟಕ್ಕೆ ಸೀಸದ ತುಂಡು ಸಿಗಿಸಿಕೊಂಡು, ದೋಣಿಯ ಅಂಚಿನ ಮೇಲೆ ಕುಳಿತು ಹಿಂದಕ್ಕೆ ಬೀಳುತ್ತಾರೆ. ಮುಕ್ಕಾಲು ತಾಸಿನ ಮೇಲೆ ಜೀವಂತವಾಗಿ ಎದ್ದು ಬಂದು, ಹಲ್ಲು ಕಿಸಿದು, ಕೆಳಗೆ ಕರೆದುಕೊಂಡು ಹೋದವರಿಗೆ ಮತ್ತಷ್ಟು ದುಡ್ಡು ಕೊಡುತ್ತಾರೆ. ಇದನ್ನು ಮೊದಲ ಸಲ ಕಂಡಾಗ ನಾನು ದೋಣಿಯಲ್ಲೇ ಕುಳಿತು ಬಾಯಿ ಬಾಯಿ ಬಡಿದುಕೊಂಡೆ. ಹಿಂದಕ್ಕೆ ಬಿದ್ದವರಲ್ಲಿ ಒಬ್ಬಳು ನನ್ನ ಮೊಮ್ಮಗಳು.

ನಾನು ಹುನಗುಂದ ತಾಲೂಕಿನವಳು. ಬೀರಪ್ಪನ ಒಕ್ಕಲು, ಕುರಿ ಕಾಯ್ದ ಮನೆ. ಮೂರನೆಯ ಇಯತ್ತೆಯವರೆಗೆ ಸಾಲಿಗೆ ಹೋಗಿದ್ದೇನೆ. ಊರು ಬಿಡುವುದು ನನಗೆ ದೊಡ್ಡ ಮಾತಲ್ಲ. ಸುಗ್ಗಿ ಮುಗಿದ ಮೇಲೆ ಹಟ್ಟಿ ಎತ್ತಿ, ಕುದುರೆಯ ಮೇಲೆ ಸಾಮಾನು ಹೇರಿ, ಕೃಷ್ಣೆಯ ದಂಡೆ ಹಿಡಿದು ತಿಂಗಳುಗಟ್ಟಲೆ ನಡೆದವಳು. ಆದರೆ ಅಲ್ಲಿ ಎಷ್ಟು ನಡೆದರೂ ಕಾಲ ಕೆಳಗೆ ಮಣ್ಣಿರುತ್ತಿತ್ತು. ಇಲ್ಲಿ ಅಂಡಮಾನಿನ ಈ ದ್ವೀಪದಲ್ಲಿ ಯಾವ ಕಡೆ ಅರ್ಧ ದಿನ ನಡೆದರೂ ನೀರಿಗೇ ಹೋಗಿ ನಿಲ್ಲಬೇಕು.

ಬಂದದ್ದು ಮೊಮ್ಮಗಳು ಬೀರವ್ವನ ಸಲುವಾಗಿ. ಅವಳ ತಾಯಿ, ನನ್ನ ಮಗಳು, ತೀರಿಕೊಂಡು ಬಹಳ ವರ್ಷವಾಯಿತು. ಹುಡುಗಿಗೆ ಈಜು ಕಲಿಸಿದವಳು ನಾನೇ, ಸೊಂಟಕ್ಕೆ ಒಣಗಿದ ಕುಂಬಳಬುರುಡೆ ಕಟ್ಟಿ, ಗೌಡರ ಬಾವಿಯಲ್ಲಿ. ಬಾವಿಯಿಂದ ಕ್ರೀಡಾ ಹಾಸ್ಟೆಲಿಗೆ ಹೋದಳು, ಅಲ್ಲಿಂದ ಕರಾವಳಿಗೆ, ಕರಾವಳಿಯಿಂದ ಇಲ್ಲಿಗೆ. ಈಗ ಪ್ರವಾಸಿಗರನ್ನು ಸಮುದ್ರದ ತಳಕ್ಕೆ ಕರೆದೊಯ್ದು ಮೀನು ತೋರಿಸುವ ಗೈಡು. ಎಲ್ಲರೂ ಅವಳನ್ನು ವೀರಾ ಎನ್ನುತ್ತಾರೆ. ಗಂಡ ಹಡಗಿನ ಕೆಲಸದವನು, ತಿಂಗಳಲ್ಲಿ ಹದಿನೈದು ದಿನ ಮನೆಯಲ್ಲಿರುವುದಿಲ್ಲ. ಕೂಸು ಹುಟ್ಟಿದಾಗ ಫೋನು ಮಾಡಿ, "ಯವ್ವಾ, ನೀ ಬಂದ್ರ ನಾ ಕೆಲಸಕ್ಕ ಹೋಗ್ತೇನಿ, ಬರದಿದ್ರ ಮನ್ಯಾಗ ಕುಂದರ್ತೇನಿ" ಎಂದಳು. ಬಾವಿಗೆ ಇಳಿಸಿದ ಹುಡುಗಿಯನ್ನು ಮನೆಯಲ್ಲಿ ಕೂರಿಸುವುದೇ? ಬಂದೆ.

ಮನೆಯೆಂದರೆ ತಗಡಿನ ಸೂರು, ಹಲಗೆಯ ಗೋಡೆ. ಊರಲ್ಲಿ ಗೋಡೆಗೆ ಒರಗಿದರೆ ಬೆನ್ನಿಗೆ ತಂಪು. ಇಲ್ಲಿ ಒರಗಿದರೆ ಪಕ್ಕದ ಮನೆಯವರು ಯಾರೆಂದು ಕೇಳುತ್ತಾರೆ. ಸಂಜೆ ಐದೂವರೆಗೆ ಕತ್ತಲು, ನಸುಕಿನ ಐದಕ್ಕೆ ಬಿಸಿಲು. ಗಡಿಯಾರ ನಮ್ಮೂರಿನದೇ, ಸೂರ್ಯ ಮಾತ್ರ ಅದರ ಮಾತು ಕೇಳುವುದಿಲ್ಲ. ನಾನು ತಂದ ಕಂಬಳಿಗೆ ಒಂದೇ ಮಳೆಗಾಲದಲ್ಲಿ ಬೂಷ್ಟು ಹತ್ತಿತು. ಜೋಳದ ಹಿಟ್ಟಿಗೂ ಹತ್ತಿತು. ಅಕ್ಕಿ, ಮೀನು, ಅಕ್ಕಿ, ಮೀನು. ತಿಂಗಳಿಗೆ ಒಮ್ಮೆ ಊರಿಂದ ಹಿಟ್ಟು ತರಿಸುತ್ತೇನೆ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಪಕ್ಕದ ಮನೆಯ ಮಾಲಾ ಓಡಿ ಬಂದು, ಯಾರಿಗೆ ಹೊಡೆಯುತ್ತಿದ್ದೀರಿ ಎಂದು ಕೇಳಿದ್ದಳು.

ಮಾಲಾಳ ಗಂಡ ಬಿಮಲ್. ಬೀರವ್ವ ಹೋಗುವ ದೋಣಿಯನ್ನು ನಡೆಸುವವನು ಅವನೇ. ಬಂಗಾಳಿಗಳು. ನನ್ನನ್ನು ಮಾಸಿ ಎನ್ನುತ್ತಾರೆ, ಅಂದರೆ ಚಿಗವ್ವ. ಅವರ ಹಿಂದಿಗೂ, ಇಲಕಲ್ಲ ಸಂತೆಯಲ್ಲಿ ನಾನು ಕಲಿತ ಹಿಂದಿಗೂ ಹೇಗೋ ಹೊಂದಿಕೆಯಾಗುತ್ತದೆ. ಅವರ ಮಾತನ್ನು ಇಲ್ಲಿ ನನ್ನ ಮಾತಿಗೆ ಇಳಿಸಿ ಬರೆಯುತ್ತಿದ್ದೇನೆ.

ಮೊದಲ ತಪ್ಪು ಬಿಮಲನ ಎದುರೇ ಆಯಿತು. ಕೂಡಲಸಂಗಮದಲ್ಲಿ ನಾವು ಹೊಳೆ ದಾಟುವಾಗ ನೀರಿಗೆ ಒಂದು ನಾಣ್ಯ ಎಸೆದು, ಅಂಬಿಗನಿಗೆ ಮೊದಲೇ ಏನಾದರೂ ಕೊಟ್ಟು ದೋಣಿ ಹತ್ತುತ್ತಿದ್ದೆವು. ಇಲ್ಲೂ ಹಾಗೇ ಮಾಡಿದೆ. ಸಮುದ್ರಕ್ಕೆ ನಾಣ್ಯ ಎಸೆದು, ಬಿಮಲನ ಕೈಗೆ ನೋಟು ತುರುಕಿದೆ. ಅವನ ಮುಖ ಸಣ್ಣದಾಯಿತು.

"ಮಾಸಿ, ನಾ ನಿಮ್ಮನ್ನ ಮುಟ್ಟಸ್ತೇನೋ ಇಲ್ಲೋ ಅಂತ ಅನುಮಾನ ಐತೇನು?"

"ಅನುಮಾನ ಯಾಕಪ್ಪಾ, ಪದ್ಧತಿ."

"ಹಂಗಾರ ಇಟ್ಕೋರಿ. ಇಳಿದ ಮ್ಯಾಲೆ ಮನಸಿಗೆ ಬಂದ್ರ ಕೊಡ್ರಿ. ಮೊದಲ ಕೊಟ್ರ ಅದು ಲಂಚ."

ಲಂಗರು ಎತ್ತುವ ಜೋಸೆಫ್, ರಾಂಚಿ ಕಡೆಯವನು, ನನ್ನಷ್ಟೇ ವಯಸ್ಸಿನ ಮುದುಕ, ನನ್ನ ನಾಣ್ಯ ಬಿದ್ದ ಕಡೆ ನೋಡಿ ಅಂದ: "ಅದನ್ನ ವೀರಾ ನಾಳೆ ತಂದು ಕೊಡ್ತಾಳ, ಚಿಂತಿ ಮಾಡಬ್ಯಾಡ್ರಿ."

ಹಾಗೆ ಕಲಿತೆ. ಇಳಿದ ಮೇಲೆ ಕೊಡುವ ಈ ದುಡ್ಡಿಗೆ ಇಲ್ಲಿ ಟಿಪ್ ಎನ್ನುತ್ತಾರೆ. ನಮ್ಮ ಕಡೆ ಖುಷಾಲಿ ಎನ್ನುತ್ತೇವಲ್ಲ, ಅದೇ. ಆದರೆ ಅದಕ್ಕೊಂದು ರೀತಿ ಇದೆ, ನಮ್ಮ ಕಡೆಯಿಂದ ಬರುವವರಿಗೆ ಅದು ಗೊತ್ತಿಲ್ಲ. ಆದ್ದರಿಂದ ಹೇಳುತ್ತೇನೆ. ಮುಳುಗುವುದೆಲ್ಲ ಮುಗಿದು, ಊರಿಗೆ ಹೊರಡುವ ದಿನ ಕೊಡಬೇಕು. ಒಣ ಕೈಯಿಂದ ಕೊಡಬೇಕು. ಚಡ್ಡಿಯ ಕಿಸೆಯಿಂದ ಹಸಿ ನೋಟು ಹಿಂಡಿ ಕೊಡಬಾರದು. ಕೆಳಗೆ ಕೈ ಹಿಡಿದವರಿಗೆ ಕೊಟ್ಟು, ಮೇಲೆ ದೋಣಿ ಕಾಯ್ದವರನ್ನು ಮರೆಯಬಾರದು. ನೀವು ಕೆಳಗೆ ಮೀನು ನೋಡುವಷ್ಟು ಹೊತ್ತು ನಿಮ್ಮ ಉಸಿರಿನ ಗುಳ್ಳೆ ನೋಡುತ್ತ, ಅಲೆ ನಿಮ್ಮನ್ನು ಎತ್ತ ಒಯ್ದರೂ ಅತ್ತ ದೋಣಿ ತಿರುಗಿಸುವವನು ಬಿಮಲ್. ಅವನ ಮುಖವನ್ನೇ ಯಾರೂ ನೋಡುವುದಿಲ್ಲ. ಕೊಡುವುದಾಗದಿದ್ದರೆ ಹೆಸರು ಹಿಡಿದು ಒಂದು ಮಾತು ಆಡಿ ಹೋಗಿ, ಅದೂ ಸಾಕು. ಆದರೆ ಅರ್ಧ ಖಾಲಿಯಾದ ಮುಲಾಮಿನ ಬಾಟಲಿ, ಹಾಕಿ ಬಿಟ್ಟ ಅಂಗಿ ಕೊಟ್ಟು ಪುಣ್ಯ ಕಟ್ಟಿಕೊಳ್ಳಬೇಡಿ. ಒಬ್ಬಾತ ನನ್ನ ಬೀರವ್ವನಿಗೆ ತನ್ನ ಹಳೆಯ ಚಪ್ಪಲಿ ಕೊಟ್ಟು ಹೋಗಿದ್ದ. ಸುಟ್ಟುಬಿಟ್ಟೆ.

ಇದನ್ನು ಫೋನಿನಲ್ಲಿ ಮೈದುನ ಯಲ್ಲಪ್ಪನಿಗೆ ಹೇಳಿದಾಗ ಅವನು ಉರಿದುಬಿದ್ದ. "ಬೀರಪ್ಪನ ಮನಿ ಹುಡುಗಿ ಮಂದಿ ಮುಂದ ಕೈ ಚಾಚತಾಳೇನು? ಅದಕ್ಕ ಭಿಕ್ಷಾ ಅಂತಾರ."

"ನೀ ಗೌಡ್ರ ಹೊಲದಾಗ ಕುರಿ ತರುಬಿ ಜೋಳಾ ತರತಿದ್ದಿ, ಅದಕ್ಕೇನಂತಾರ?" ಎಂದೆ.

"ಅದು ನಮ್ಮ ಹಕ್ಕು. ರಾತ್ರಿಯೆಲ್ಲಾ ಕುರಿ ನಿಂತ್ರ ಹೊಲಕ್ಕ ಗೊಬ್ಬರಾ ಆಗತೈತಿ."

"ಮತ್ತ ಇಕಿ ನೀರಾಗ ಮಂದಿ ಜೀವಾ ಹಿಡಕೊಂಡ ನಿಲ್ಲತಾಳ. ಅದಕ್ಕೇನೂ ಆಗೂದಿಲ್ಲೇನು?"

ಫೋನು ಇಟ್ಟ. ಇಡಲಿ. ಕೂಲಿಯ ಮೇಲೆ ಸಂತೋಷದಿಂದ ಕೊಟ್ಟದ್ದನ್ನು ನೆಟ್ಟಗೆ ನಿಂತು ತೆಗೆದುಕೊಂಡರೆ ಅದು ಭಿಕ್ಷೆಯಲ್ಲ. ಇದನ್ನು ನಾನು ಯಾರ ಮುಂದೆಯಾದರೂ ಹೇಳುತ್ತೇನೆ.

ನಿಜವಾದ ತಂಟೆ ಬಂದದ್ದು ಗಾಜಿನ ಡಬ್ಬಿಯಿಂದ. ಇವರೆಲ್ಲ ದುಡಿಯುವುದು ಪ್ರವಾಸಿಗರನ್ನು ಮುಳುಗಲು ಕರೆದೊಯ್ಯುವ ಒಂದು ಅಂಗಡಿಗೆ. ಕಳೆದ ವರ್ಷ ಆ ಅಂಗಡಿಯ ಮಾಲೀಕ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟ. ಮೇಲೆ ಬೀಗ. ಇನ್ನು ಮುಂದೆ ಟಿಪ್ ಎಲ್ಲ ಇದಕ್ಕೇ ಬೀಳಬೇಕು, ಕೈಯಲ್ಲಿ ತೆಗೆದುಕೊಂಡವರಿಗೆ ಕೆಲಸವಿಲ್ಲ, ಎಲ್ಲರಿಗೂ ಸರಿಯಾಗಿ ಹಂಚುತ್ತೇನೆ ಅಂದ. ಕೇಳಲು ಚೆನ್ನಾಗಿತ್ತು. ಡಬ್ಬಿ ತುಂಬುವುದು ಕಾಣುತ್ತಿತ್ತು. ಹಂಚುವುದು ಮಾತ್ರ ಯಾರಿಗೂ ಕಾಣಲಿಲ್ಲ. ಕೇಳಬೇಕಾದವರು ಕೇಳಲಿಲ್ಲ, ಏಕೆಂದರೆ ಈ ದ್ವೀಪದಲ್ಲಿ ಒಂದು ಅಂಗಡಿಯಿಂದ ಹೊರಬಿದ್ದವರನ್ನು ಇನ್ನೊಂದು ಅಂಗಡಿಯವರು ಸುಲಭಕ್ಕೆ ತೆಗೆದುಕೊಳ್ಳುವುದಿಲ್ಲ. ಬೀರವ್ವನೂ ಸುಮ್ಮನಿದ್ದಳು. "ಯವ್ವಾ, ನೀ ಇದರಾಗ ಬರಬ್ಯಾಡ" ಎಂದು ನನಗೆ ಮೊದಲೇ ಹೇಳಿಟ್ಟಿದ್ದಳು. ಅವಳ ಕೆಲಸವನ್ನು ಕಳೆಯುವ ಹಂತಕ್ಕೆ ತಂದವಳು ನಾನು. ಹೇಗೆಂದು ಮುಚ್ಚಿಡದೆ ಹೇಳುತ್ತೇನೆ.

ಈ ಸಲದ ದೀಪಾವಳಿ ಮುಗಿದ ವಾರ ಬಾದಾಮಿಯಿಂದ ಗಂಡಹೆಂಡತಿ ಬಂದರು. ರಾಜೇಸಾಬ ಮತ್ತು ಅವನ ಹೆಂಡತಿ ಹುಸೇನಬಿ. ಅವನು ಬಾದಾಮಿಯಲ್ಲಿ ಗುಹೆ ತೋರಿಸುವ ಗೈಡು. ಮಗಳಿಗೆ ನೌಕರಿ ಸಿಕ್ಕಿತಂತೆ, ಮೊದಲ ಪಗಾರದಲ್ಲಿ ತಂದೆತಾಯಿಯನ್ನು ಕಳಿಸಿದ್ದಳು. ಜೆಟ್ಟಿಯ ಮೇಲೆ, ಅಂದರೆ ದೋಣಿ ಹಚ್ಚುವ ಕಟ್ಟೆಯ ಮೇಲೆ, ಕೂಸಿನೊಂದಿಗೆ ಕುಳಿತಿದ್ದ ನನ್ನ ಸೀರೆ ನೋಡಿ ಹುಸೇನಬಿ ನಿಂತಳು.

"ಯಮ್ಮಾ, ಈ ಸೆರಗ ನಮ್ಮ ಕಡೇದಲ್ಲಾ!"

ಒಂದೂವರೆ ವರ್ಷದ ಮೇಲೆ ಹೊರಗಿನವರ ಬಾಯಿಂದ ನಮ್ಮ ಮಾತು ಕೇಳಿದೆ. ಮೂರು ದಿನ ಅವರು ಬಂದರು, ಮೂರು ದಿನವೂ ರೊಟ್ಟಿ, ಅಗಸಿ ಚಟ್ನಿ ಕಟ್ಟಿಕೊಟ್ಟೆ. ಬೀರವ್ವ ರಾಜೇಸಾಬನನ್ನು ಕೆಳಗೆ ಕರೆದೊಯ್ದಳು. ಮೊದಲ ದಿನ ಅವನು ಅರ್ಧಕ್ಕೇ ಹೆದರಿ ಮೇಲೆ ಬಂದ. ಎರಡನೆಯ ದಿನ ಬೀರವ್ವ ಅವನ ಕೈಯನ್ನು ಒಂದು ಗಳಿಗೆಯೂ ಬಿಡಲಿಲ್ಲ. ಮೂರನೆಯ ದಿನ ಆಮೆ ಕಂಡು ಬಂದ.

"ಎಷ್ಟ ದೊಡ್ಡದ್ರೀ?" ಎಂದೆ.

"ನಮ್ಮ ಬಾದಾಮಿ ಮಂಗ್ಯಾನಕಿಂತ ಶಾಣ್ಯಾ ಇತ್ತು. ನನ್ನ ಕೈಯಾಗಿಂದ ಏನೂ ಕಸಗೊಳ್ಳಲಿಲ್ಲ."

ಅವರು ಹೊರಡುವ ದಿನ ಬೀರವ್ವ ಬೇರೆ ಗುಂಪಿನೊಂದಿಗೆ ನೀರಿನ ಕೆಳಗಿದ್ದಳು. ಅವರ ಹಡಗಿಗೆ ಹೊತ್ತಾಗಿತ್ತು. ರಾಜೇಸಾಬ ಅಂಗಡಿಯೊಳಗೆ ಹೋಗಿ, ಡಬ್ಬಿಯನ್ನು ಸುತ್ತಲೂ ನೋಡಿ, ಹೊರಗೆ ನನ್ನ ಹತ್ತಿರ ಬಂದ.

"ಯಮ್ಮಾ, ನಾ ಇಪ್ಪತ್ತೈದ ವರ್ಷ ಮೆಟ್ಟಲಾ ಹತ್ತಿ ಇಳದು ಗಂಟಲಾ ಹರಕೊಂಡೇನಿ. ಖುಷಾಲಿ ಅಂದ್ರ ಏನು ಅಂತ ನನಗ ಡಬ್ಬಿ ಕಲಸಬೇಕಾಗಿಲ್ಲ. ನನ್ನ ಕೈ ಹಿಡದದ್ದ ಡಬ್ಬಿ ಅಲ್ಲ, ಹುಡುಗಿ." ಒಂದು ಲಕೋಟೆ ನನ್ನ ಕೈಯಲ್ಲಿಟ್ಟ. "ಆಕಿಗೆ, ಮತ್ತ ದೋಣಿಯವ್ರಿಗೆ. ನೀವ ಹಂಚ್ರಿ."

ಅವರು ಹೋದರು. ಬೀರವ್ವನನ್ನು ಮೊದಲು ಒಂದು ಮಾತು ಕೇಳಬೇಕಿತ್ತು, ಗೊತ್ತು. ಆದರೆ ಹಂಚು ಎಂದು ಕೊಟ್ಟದ್ದನ್ನು ಸೆರಗಲ್ಲಿ ಬಚ್ಚಿಟ್ಟುಕೊಂಡು ಕುಳಿತುಕೊಳ್ಳುವುದು ನಮ್ಮ ಹಟ್ಟಿಯ ರೀತಿಯಲ್ಲ. ಹಟ್ಟಿಗೆ ಜೋಳ ಬಂದರೆ ಕಂಬಳಿ ಹಾಸಿ, ಎಲ್ಲರ ಕಣ್ಣೆದುರು, ನಡೆದವರೆಲ್ಲರಿಗೂ ಸಮ ಪಾಲು. ಮುಂದೆ ನಡೆದವನಿಗೆ ಹೆಚ್ಚಿಲ್ಲ, ಕುಂಟ ಮರಿ ಹೊತ್ತು ಹಿಂದೆ ಬಂದವಳಿಗೆ ಕಡಿಮೆಯಿಲ್ಲ. ದೋಣಿ ದಂಡೆಗೆ ಬಂದ ಕೂಡಲೇ, ಹಗಲು ಬೆಳಕಿನಲ್ಲಿ, ಜೆಟ್ಟಿಯ ಮೇಲೆ ಕೂಸಿನ ದುಪ್ಪಟಿ ಹಾಸಿ ನಾಲ್ಕು ಪಾಲು ಮಾಡಿದೆ. ಬೀರವ್ವನದೊಂದು, ಬಿಮಲನದೊಂದು, ಜೋಸೆಫನದೊಂದು. ನಾಲ್ಕನೆಯದು ಮಾಲಾಳದು. ಮುಳುಗುವವರ ರಬ್ಬರ್ ಅಂಗಿಗಳನ್ನೆಲ್ಲ ತೊಳೆಯುವವಳು ಅವಳು. ಅಂಗಿ ಹಾಕಿಕೊಂಡವರು ಯಾರೂ ಅವಳ ಕೈ ಕಂಡವರಲ್ಲ. ತೆಗೆದುಕೊಳ್ಳುವಾಗ ಅವಳು, "ಮಾಸಿ, ಇದು ನನಗ ಖರೇನ?" ಎಂದು ಎರಡು ಸಲ ಕೇಳಿದಳು.

ಮಾಲೀಕ ಕಿಟಕಿಯಿಂದ ನೋಡುತ್ತಿದ್ದ.

ಸಂಜೆ ಬೀರವ್ವ ಮನೆಗೆ ಬಂದು ನನ್ನ ಮುಖ ನೋಡದೆ ಕೂಸನ್ನು ಎತ್ತಿಕೊಂಡಳು. "ಮಾಲೀಕ ಏನಂದ ಗೊತ್ತೈತೇನು? ನಾಕೂ ಪಾಲು ತಂದು ಡಬ್ಬಿಗೆ ಹಾಕಬೇಕು. ನೀ ಬಂದು ತಪ್ಪಾತು ಅನ್ನಬೇಕು. ಇಲ್ಲಂದ್ರ ನಾಳಿಯಿಂದ ನಾ ದೋಣಿ ಹತ್ತೂದು ಬ್ಯಾಡ."

"ಹತ್ತಬ್ಯಾಡ."

"ಹತ್ತಬ್ಯಾಡ ಅಂತಿ! ಇದು ನಿನ್ನ ಹಟ್ಟಿ ಏನವ್ವಾ? ಅಲ್ಲಿ ಒಬ್ಬ ಗೌಡ ಬ್ಯಾಡಂದ್ರ ಇನ್ನೊಬ್ಬನ ಹೊಲಕ್ಕ ಹೋಗ್ತಿದ್ದಿ. ಇಲ್ಲಿ ನಾ ಎಲ್ಲಿಗೆ ಹೋಗ್ಲಿ, ಸಮುದ್ರಕ್ಕ?" ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿದಳು. "ನೀರಿಗೆ ಇಳದ್ರ ನಾ ಯಾರ ಮಗಳೂ ಅಲ್ಲ, ಯಾರ ಹೇಂತಿನೂ ಅಲ್ಲ. ಅದೊಂದ ಜಾಗಾ ನನ್ನದು. ನೀ ಅದನ್ನ ಕಳದಿ."

ಅದು ನನಗೆ ನಾಟಿತು. ಆದರೂ ತಪ್ಪಾಯಿತು ಎಂಬ ಮಾತು ಬಾಯಿಗೆ ಬರಲಿಲ್ಲ. ಬಾರದ್ದನ್ನು ಬಂತೆಂದು ಬರೆಯಲಾರೆ.

ಬೆಳಿಗ್ಗೆ ಕೂಸನ್ನು ಸೊಂಟದ ಮೇಲೆ ಹೊತ್ತು ಅವಳ ಹಿಂದೆ ಅಂಗಡಿಗೆ ನಡೆದೆ. ಪುಣೆಯಿಂದ ಬಂದ ಹತ್ತು ಜನ ರಬ್ಬರ್ ಅಂಗಿಯೊಳಗೆ ಬೆವರುತ್ತ ದೋಣಿಯ ಹತ್ತಿರ ಕಾಯುತ್ತಿದ್ದರು. ಮಾಲೀಕ ಹರೆಯದವನು, ನಯವಾಗಿ ಮಾತಾಡುವವನು. ಅಜ್ಜಿಗೆ ಇಲ್ಲಿ ದಾದಿ ಎನ್ನುತ್ತಾರೆ.

"ಕುಂದರ್ರಿ ದಾದಿ. ನಿಮ್ಮ ಊರಿನ ಪದ್ಧತಿ ಬ್ಯಾರೆ ಇರಬಹುದು. ಇಲ್ಲೊಂದ ನಿಯಮಾ ಐತಿ."

ನಾನು ಕೂರಲಿಲ್ಲ. "ಡಬ್ಬಿ ಕಡೀಗೆ ಯಾವಾಗ ತಗದ್ರಿ?"

"ಅದು ಆಫೀಸಿನ ವಿಷಯ."

ಹೊರಗೆ ಅಂಗಿಗಳಿಗೆ ನೀರು ಹೊಡೆಯುತ್ತಿದ್ದ ಮಾಲಾ, ಕೈಯಲ್ಲಿದ್ದ ಪೈಪಿಗೆ ಹೇಳುವಂತೆ, "ಹೋಳಿ ಹಬ್ಬಕ್ಕ" ಎಂದಳು.

"ಹೋಳಿಗೆ ತಗದು ಇವರಿಗೆ ಏನ ಕೊಟ್ರಿ?"

"ಮಿಠಾಯಿ ಕೊಟ್ಟೇವಿ. ಎಲ್ಲಾರಿಗೂ ಅಂಗಿ ಹೊಲಿಸಿ ಕೊಟ್ಟೇವಿ."

ಜೋಸೆಫ್ ಆ ಅಂಗಿಯನ್ನೇ ಹಾಕಿಕೊಂಡಿದ್ದ. ಬೆನ್ನ ತುಂಬ ಅಂಗಡಿಯ ಹೆಸರು. ಅವನು ನಿಧಾನವಾಗಿ ತಿರುಗಿ ನನಗೆ ಬೆನ್ನು ತೋರಿಸಿದ. ಪುಣೆಯವರಲ್ಲಿ ಒಬ್ಬ ನಕ್ಕುಬಿಟ್ಟ.

"ನೋಡಪ್ಪಾ," ಎಂದೆ. "ಬಾದಾಮಿ ಮನಶ್ಯಾ ನಿನ್ನ ಅಂಗಡಿಗೆ ಕೊಡೂದನ್ನ ಮೊದಲ ಕೊಟ್ಟು ಪಾವತಿ ತಗೊಂಡಾನ. ನನ್ನ ಕೈಯಾಗ ಇಟ್ಟದ್ದು ಇವರದು, ನಿನ್ನದಲ್ಲ. ಕದ್ದು ಹಂಚಿಲ್ಲ, ನಿನ್ನ ಕಿಡಕಿ ಮುಂದ ಹಂಚೇನಿ. ತಪ್ಪಾತು ಅನ್ನೂದಿಲ್ಲ. ಪೊಲೀಸರನ್ನ ಕರೀತೀ ಕರಿ, ಅವರ ಮುಂದೂ ಇದನ್ನ ಅಂತೇನಿ."

ಆಗ ಬೀರವ್ವ ತನ್ನ ಪಾಲನ್ನು ತೆಗೆದು ಮೇಜಿನ ಮೇಲಿಟ್ಟಳು. "ನನ್ನದು ತಗೋರಿ. ಬ್ಯಾರೆದವ್ರ ಕೈಯಾಗಿಂದ ಕಸಗೋಬ್ಯಾಡ್ರಿ. ಅವರು ಬೇಡಿ ತಗೊಂಡಿಲ್ಲ." ನನಗೆ ಮಾಲೀಕನಿಗಿಂತ ಅವಳ ಮೇಲೆ ಹೆಚ್ಚು ಸಿಟ್ಟು ಬಂತು. ಆದರೆ ಆ ನೋಟು ಕಂಡು ಬಿಮಲನ ಕುತ್ತಿಗೆಯ ನರ ಉಬ್ಬಿತು. ಹತ್ತು ವರ್ಷದಿಂದ ಆ ಅಂಗಡಿಯಲ್ಲಿ ಹೂಂ ಎನ್ನುವುದು ಬಿಟ್ಟು ಬೇರೆ ಮಾತಾಡದವನು.

"ವೀರಾ ಹತ್ತದಿದ್ರ ಈ ದೋಣಿಗೆ ಬ್ಯಾರೆ ಡ್ರೈವರನ ನೋಡ್ರಿ, ಸಾಹೇಬ."

ಜೋಸೆಫ್ ಹೋಗಿ ಲಂಗರಿನ ಹಗ್ಗದ ಸುರುಳಿಯ ಮೇಲೆ ಕುಳಿತು ಬೀಡಿ ಹಚ್ಚಿದ. ಪುಣೆಯ ಹೆಂಗಸೊಬ್ಬಳು ಬಾಗಿಲಿಗೆ ಬಂದು, ನನಗೆ ಹೆಣ್ಣು ಗೈಡೇ ಬೇಕೆಂದು ಹೇಳಿದ್ದೆ, ವೀರಾ ಬರುತ್ತಾಳೋ ಇಲ್ಲವೋ, ಇಲ್ಲದಿದ್ದರೆ ನಮ್ಮ ಹಣ ತಿರುಗಿ ಕೊಡಿ ಎಂದಳು. ಮಾಲೀಕ ಅವಳನ್ನು ನೋಡಿದ, ಹೊರಗೆ ಇಳಿಯುತ್ತಿದ್ದ ನೀರನ್ನು ನೋಡಿದ. ನೀರು ಇನ್ನೊಂದು ಗೇಣು ಇಳಿದರೆ ದೋಣಿ ಮರಳಿಗೆ ಕೂರುತ್ತದೆ.

"ಶನಿವಾರಕ್ಕೊಮ್ಮೆ ಡಬ್ಬಿ ತಗೀತೇವಿ," ಎಂದ. "ದೋಣ್ಯಾಗ, ಎಲ್ಲಾರ ಮುಂದ. ಆದ್ರ ದಾದಿ, ನೀವಿನ್ನ ಈ ಅಂಗಡಿ ಮೆಟ್ಟಲಾ ಹತ್ತಬಾರದು."

"ಅಂಗಡಿ ನಿಂದು, ಹತ್ತೂದಿಲ್ಲ. ಜೆಟ್ಟಿ ಸರಕಾರದ್ದು, ಅಲ್ಲೇ ಕುಂದರತೇನಿ."

ಕೆಲಸ ಉಳಿಯಿತು. ಪುಕ್ಕಟೆ ಉಳಿಯಲಿಲ್ಲ. ಹಡಗು ಮುಳುಗಿದ ಆಳದ ಜಾಗಕ್ಕೆ ಕರೆದೊಯ್ಯುವ ಗುಂಪನ್ನು ಬೀರವ್ವನಿಂದ ಕಿತ್ತು ಬೇರೆಯವನಿಗೆ ಕೊಟ್ಟ. ಅದು ಅವಳಿಗೆ ಎಲ್ಲಕ್ಕಿಂತ ಇಷ್ಟದ ಜಾಗ. ಈಗ ಅವಳು ಹೊಸಬರಿಗೆ ಮೊಣಕಾಲು ನೀರಿನಲ್ಲಿ ಉಸಿರಾಡಲು ಕಲಿಸುತ್ತಾಳೆ. ನನ್ನೊಂದಿಗೆ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ, "ಚಟ್ನಿ ಖಾರ ಆಗೇತಿ" ಎಂದಳು. ಅಷ್ಟೇ ನಮ್ಮ ರಾಜಿ.

ಮೊದಲ ಶನಿವಾರ ಮಧ್ಯಾಹ್ನ ನನ್ನನ್ನೂ ದೋಣಿಗೆ ಕರೆದರು. ದೋಣಿ ಅಂಗಡಿಯ ಮೆಟ್ಟಿಲಲ್ಲವಲ್ಲ, ಹತ್ತಿದೆ. ಡಬ್ಬಿ ಬೋರಲು ಹಾಕಿದರು. ನೋಟು, ಯಾವುದೋ ದೇಶದ ನಾಣ್ಯ, ಪೆಪ್ಪರಮಿಂಟಿನ ಕಾಗದ. ಪಾಲು ಮಾಡಿದವನು ಜೋಸೆಫ್. ಒಟ್ಟು ಐದು ಗುಂಪು ಮಾಡಿದ.

"ಈ ಐದನೇದು ಯಾರದು?" ಎಂದೆ.

"ನಿಮ್ಮದು."

"ನಾ ದೋಣಿಯಾಕಿ ಅಲ್ಲಪ್ಪಾ. ನನಗ್ಯಾಕ?"

ಬೀರವ್ವ ಕೂಸಿನ ಮೂಗು ಒರೆಸುತ್ತ, ತಲೆ ಎತ್ತದೆ ಅಂದಳು: "ದೋಣಿಯಾಕಿ ಅಲ್ಲಂದ್ರ ನೀ ಪ್ರವಾಸಕ್ಕ ಬಂದಾಕಿ. ಪ್ರವಾಸದವ್ರು ತಗೊಳ್ಳೂದಿಲ್ಲ, ಕೊಡ್ತಾರ. ಹೋಗೂ ದಿನಾ ಕೊಡ್ತಾರ. ಕೊಟ್ಟು ಹೋಗ್ತಿಯೇನು?"

ಬಿಮಲ್ ನಕ್ಕ, ಮಾಲಾ ನಕ್ಕಳು. ನನಗೆ ನಗು ಬರಲಿಲ್ಲ. ಆ ವಾರವೇ ಯಲ್ಲಪ್ಪ ಫೋನು ಮಾಡಿದ್ದ. ಕೂಸು ನಡೆಯಲು ಕಲಿತ ಮೇಲೆ ಅಲ್ಲಿ ನಿನ್ನದೇನು ಕೆಲಸ, ಉಣ್ಣೆ ಕತ್ತರಿಸುವ ಹೊತ್ತಿಗೆ ಬಾ, ನೀನಿಲ್ಲದೆ ಹೆಂಗಸರು ಒಂದು ಮಾತು ಕೇಳುವುದಿಲ್ಲ ಎಂದಿದ್ದ. ಅದೂ ಖರೆ. ಇಲ್ಲಿ ನಾನು ಶನಿವಾರ ದೋಣಿಯಲ್ಲಿ ಕುಳಿತಿಲ್ಲದಿದ್ದರೆ ಡಬ್ಬಿಯ ಬೀಗ ಮತ್ತೆ ಹೋಳಿಯವರೆಗೆ ತೆರೆಯುವುದಿಲ್ಲ. ಅದೂ ಖರೆ.

ಐದನೆಯ ಪಾಲನ್ನು ತೆಗೆದುಕೊಂಡೆ.

ಈಗ ಮೂರು ಶನಿವಾರ ಆಗಿವೆ. ಮೂರೂ ಪಾಲು ಸೆರಗಿನ ಗಂಟಿನಲ್ಲಿವೆ. ಖರ್ಚು ಮಾಡಿದರೆ ನಾನು ಇಲ್ಲಿಯವಳು. ಒಟ್ಟುಗೂಡಿಸಿ ಬಿಮಲನ ಕೈಯಲ್ಲಿಟ್ಟರೆ ಹೊರಟವಳು. ಯಲ್ಲಪ್ಪನಿಗೆ ಬರುತ್ತೇನೆ ಎಂದಿದ್ದೇನೆ, ಯಾವಾಗ ಎಂದು ಹೇಳಿಲ್ಲ. ಬಿಮಲನಿಗೆ ಇರುತ್ತೇನೆ ಎಂದಿದ್ದೇನೆ, ಎಷ್ಟು ದಿನ ಎಂದು ಹೇಳಿಲ್ಲ. ಸಿಟ್ಟಾಗುವುದಾದರೆ ಇಬ್ಬರೂ ಆಗಲಿ. ಗಂಟು ನನ್ನ ಸೆರಗಿನದು, ಬಿಚ್ಚುವವಳೂ ನಾನೇ.